ಜೋಸೆಫ್ ಹೆಲ್ಲರ್: ನಗು ಮೊದಲು, ಕಾರಣ ಆಮೇಲೆ

ಮೊಟ್ಟೆಯೊಂದನ್ನು 7 ಸೆಂಟ್‌ಗೆ ಕೊಂಡು 5 ಸೆಂಟ್‌ಗೆ ಮಾರಿದರೆ ಲಾಭ ಬರುತ್ತದಾ? ಬರುತ್ತದೆ ಎನ್ನುತ್ತಾನೆ ಮೈಲೊ ಮೈಂಡರ್‌ಬೈಂಡರ್. ಜೋಸೆಫ್ ಹೆಲ್ಲರ್ ಬರೆದ ‘ಕ್ಯಾಚ್-22’ ಕಾದಂಬರಿಯಲ್ಲಿ ಇವನು ಅಮೆರಿಕದ ವಾಯುಪಡೆಯ ಮೆಸ್ ನೋಡಿಕೊಳ್ಳುವ ಅಧಿಕಾರಿ. ಎರಡನೇ ಮಹಾಯುದ್ಧ ನಡೆಯುತ್ತಿದೆ. ಜೊತೆಗಿದ್ದವರು ದಿನಾ ಸಾಯುತ್ತಿದ್ದಾರೆ. ಮೈಲೊನ ತಲೆ ತುಂಬ ಮಾತ್ರ ಮೊಟ್ಟೆ.

ಅವನ ಲೆಕ್ಕ ಹೀಗಿದೆ. ಸಿಸಿಲಿಯಲ್ಲಿ ಮೊಟ್ಟೆಗೆ 1 ಸೆಂಟ್ ಕೊಡುತ್ತಾನೆ. ಅದನ್ನು ಗುಟ್ಟಾಗಿ ಮಾಲ್ಟಾ ದ್ವೀಪಕ್ಕೆ ಸಾಗಿಸಿ ಅಲ್ಲಿನ ವ್ಯಾಪಾರಿಗೆ 4.25 ಸೆಂಟ್‌ಗೆ ಮಾರುತ್ತಾನೆ. ಲಾಭ 3.25. ಆಮೇಲೆ ಅದೇ ವ್ಯಾಪಾರಿಯಿಂದ ಅದೇ ಮೊಟ್ಟೆಯನ್ನು 7 ಸೆಂಟ್‌ಗೆ ಕೊಳ್ಳುತ್ತಾನೆ. ಆ ವ್ಯಾಪಾರಿಯೂ ಅವನೇ! ಹಾಗಾಗಿ ಇಲ್ಲಿ ಇನ್ನೊಂದು 2.75 ಸೆಂಟ್ ಅವನ ಜೇಬಿಗೇ. ಒಟ್ಟು 6. ಕೊನೆಗೆ ಮೆಸ್‌ಗೆ 5 ಸೆಂಟ್‌ಗೆ ಕೊಟ್ಟು 2 ಸೆಂಟ್ ಕಳೆದುಕೊಳ್ಳುತ್ತಾನೆ. ಉಳಿದದ್ದು 4 ಸೆಂಟ್.

ಕೂತು ಲೆಕ್ಕ ಹಾಕಿ ನೋಡಿ. 1 ಸೆಂಟ್‌ಗೆ ಕೊಂಡು ನೇರವಾಗಿ 5ಕ್ಕೆ ಮಾರಿದ್ದರೂ ಸಿಗುತ್ತಿದ್ದದ್ದು ಅದೇ 4 ಸೆಂಟ್. ಮತ್ತೆ ಇಷ್ಟೆಲ್ಲ ಸುತ್ತು ಯಾಕೆ? ಯಾಕೆಂದರೆ ಮೇಲಧಿಕಾರಿಗಳ ಕಣ್ಣಿಗೆ ಬೀಳುವುದು 7 ಮತ್ತು 5 ಎಂಬ ಎರಡು ಸಂಖ್ಯೆ ಮಾತ್ರ. ಪಾಪ, ನಮಗೋಸ್ಕರ ಕೈಯಿಂದ ದುಡ್ಡು ಹಾಕುತ್ತಿದ್ದಾನೆ ಎಂದುಕೊಂಡು ಅವರು ಮೈಲೊ ಕೇಳಿದ ವಿಮಾನಗಳನ್ನೆಲ್ಲ ಕೊಡುತ್ತಾರೆ. ಲಾಭ ನನ್ನದಲ್ಲ, ಸಿಂಡಿಕೇಟ್ ಎಂಬ ನಮ್ಮ ವ್ಯಾಪಾರ ಕೂಟದ್ದು, ಅದರಲ್ಲಿ ಎಲ್ಲರಿಗೂ ಪಾಲಿದೆ ಎಂದು ಅವನು ಬೇರೆ ಹೇಳುತ್ತಿರುತ್ತಾನೆ.

ಓದುವಾಗ ಹೊಟ್ಟೆ ಹಿಡಿದು ನಗಬೇಕು, ಅಷ್ಟು ಚೆನ್ನಾಗಿದೆ ಈ ಭಾಗ. ಆದರೆ ಇದೇ ಮೈಲೊ ಮುಂದೆ ಜರ್ಮನರ ಜೊತೆ ಕರಾರು ಮಾಡಿಕೊಂಡು ತನ್ನದೇ ಶಿಬಿರದ ಮೇಲೆ ಬಾಂಬು ಹಾಕಿಸುತ್ತಾನೆ. ದೊಡ್ಡ ಗಲಾಟೆ ಏಳುತ್ತದೆ. ಮೈಲೊ ಲೆಕ್ಕದ ಪುಸ್ತಕ ತೆಗೆದು ಬಂದ ಲಾಭ ತೋರಿಸುತ್ತಾನೆ. ಗಲಾಟೆ ಅಲ್ಲಿಗೆ ತಣ್ಣಗಾಗುತ್ತದೆ. ಮೊಟ್ಟೆಯ ಲೆಕ್ಕಕ್ಕೆ ನಕ್ಕವರಿಗೆ ಇಲ್ಲಿ ನಗಬೇಕೋ ಬೇಡವೋ ಗೊತ್ತಾಗುವುದಿಲ್ಲ. ತರ್ಕ ಮಾತ್ರ ಎರಡೂ ಕಡೆ ಒಂದೇ.

ಹೆಲ್ಲರ್ ಬರೆಯುವ ರೀತಿಯೇ ಇದು. ಮೊದಲು ಒಂದು ಜೋಕ್ ಹೇಳಿ ಮುಂದೆ ಹೋಗುತ್ತಾರೆ. ನೂರಾರು ಪುಟ ಆದ ಮೇಲೆ ಅದೇ ಜೋಕಿನ ಹಿಂದಿನ ಕಾರಣ ತೋರಿಸುತ್ತಾರೆ. ಇದೊಂದು ಗೊತ್ತಿದ್ದರೆ, ಕಷ್ಟದ ಪುಸ್ತಕ ಎಂದು ಹೆಸರಾದ ‘ಕ್ಯಾಚ್-22’ ಅಷ್ಟೇನೂ ಕಷ್ಟವಲ್ಲ.

ಹೆಲ್ಲರ್ ಹುಟ್ಟಿದ್ದು 1923ರ ಮೇ 1ರಂದು, ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ. ಬೆಳೆದದ್ದು ಅಲ್ಲಿನ ಕೋನಿ ಐಲ್ಯಾಂಡ್‌ನಲ್ಲಿ. ಸಮುದ್ರದ ದಂಡೆ, ಜಾತ್ರೆಯಂಥ ಆಟದ ಪಾರ್ಕುಗಳು, ಬಡ ವಲಸಿಗರ ಮನೆಗಳು ಒಟ್ಟಿಗೇ ಇದ್ದ ಜಾಗ. ತಂದೆ ತಾಯಿ ರಷ್ಯಾ ಕಡೆಯಿಂದ ಬಂದ ಯಹೂದಿಗಳು. ತಂದೆ ಬೇಕರಿಯೊಂದರ ಗಾಡಿ ಓಡಿಸುತ್ತಿದ್ದರು. ಮಗನಿಗೆ ಐದು ತುಂಬುವ ಮೊದಲೇ ತೀರಿಹೋದರು. ಮನೆಯಲ್ಲಿ ಆ ಸಾವಿನ ಬಗ್ಗೆ ಹೆಚ್ಚು ಮಾತೇ ಆಡುತ್ತಿರಲಿಲ್ಲ. ಅಣ್ಣ ಅಕ್ಕ ತನ್ನ ತಂದೆಯ ಮೊದಲ ಹೆಂಡತಿಯ ಮಕ್ಕಳು ಎನ್ನುವುದು ಕೂಡ ಹೆಲ್ಲರ್‌ಗೆ ತಡವಾಗಿಯೇ ತಿಳಿಯಿತು. ಮುಖ್ಯವಾದ ವಿಷಯವನ್ನು ಮುಚ್ಚಿಟ್ಟು ಸುತ್ತಮುತ್ತಲಿನದ್ದನ್ನೆಲ್ಲ ತಮಾಷೆಯಾಗಿ ಮಾತಾಡುವ ಅಭ್ಯಾಸ ಅವರ ಪುಸ್ತಕಗಳಲ್ಲಿ ಎದ್ದು ಕಾಣುತ್ತದೆ. ಅದರ ಬೇರು ಈ ಮನೆಯಲ್ಲೇ ಇತ್ತೇನೋ ಅನ್ನಿಸುತ್ತದೆ.

ಹುಡುಗನಾಗಿದ್ದಾಗ ಟೆಲಿಗ್ರಾಂ ಹಂಚಿದರು. ಆಫೀಸೊಂದರಲ್ಲಿ ಫೈಲು ಜೋಡಿಸಿದರು. ನೌಕಾನೆಲೆಯಲ್ಲಿ ಕಮ್ಮಾರರ ಕೈಕೆಳಗೆ ದುಡಿದರು. 1942ರಲ್ಲಿ, 19ನೇ ವಯಸ್ಸಿನಲ್ಲಿ ಸೇನೆಯ ವಾಯುಪಡೆ ಸೇರಿದರು. 1944ರಲ್ಲಿ ಮೆಡಿಟರೇನಿಯನ್ ಸಮುದ್ರದ ಕಾರ್ಸಿಕಾ ದ್ವೀಪಕ್ಕೆ ಬಂದಿಳಿದರು. ಬಿ-25 ಬಾಂಬರ್ ವಿಮಾನದಲ್ಲಿ ಗುರಿ ನೋಡಿ ಬಾಂಬು ಬಿಡುವ ಬಾಂಬಾರ್ಡಿಯರ್ ಕೆಲಸ. ಒಟ್ಟು 60 ಸಲ ಹಾರಿದರು.

ಆ ಕೆಲಸದವನು ಎಲ್ಲಿ ಕೂರುತ್ತಿದ್ದ ಎನ್ನುವುದನ್ನು ಸ್ವಲ್ಪ ಗಮನಿಸಬೇಕು. ಅವನ ಜಾಗ ವಿಮಾನದ ಮೂತಿಯಲ್ಲಿ, ಗಾಜಿನ ಗೂಡಿನೊಳಗೆ. ಹಿಂದಕ್ಕೆ ಬರಬೇಕೆಂದರೆ ಕಿರಿದಾದ ಸುರಂಗದಂಥ ದಾರಿಯಲ್ಲಿ ತೆವಳಿ ಬರಬೇಕು. ಪ್ಯಾರಾಚೂಟ್ ಕಟ್ಟಿಕೊಂಡರೆ ಆ ದಾರಿಯಲ್ಲಿ ಮೈ ಹಿಡಿಯುವುದಿಲ್ಲ. ಹಾಗಾಗಿ ಪ್ಯಾರಾಚೂಟ್ ಆ ಕಡೆ, ಮನುಷ್ಯ ಈ ಕಡೆ. ಕೆಳಗಿನಿಂದ ಗುಂಡು ಹಾರಿಸುವುದನ್ನು ಎಲ್ಲರಿಗಿಂತ ಚೆನ್ನಾಗಿ ನೋಡುವವನೂ ಅವನೇ, ತಪ್ಪಿಸಿಕೊಳ್ಳಲು ಎಲ್ಲರಿಗಿಂತ ಕಷ್ಟಪಡುವವನೂ ಅವನೇ. ಕಾದಂಬರಿಯ ನಾಯಕ ಯೊಸ್ಸಾರಿಯನ್ ಈ ತೆವಳುವ ದಾರಿಯನ್ನು ಶಪಿಸುತ್ತಾನೆ. ಅದು ಕಲ್ಪನೆಯಲ್ಲ, ಕಂಡುಂಡ ಸಂಗತಿ.

ಮೊದಮೊದಲ ಹಾರಾಟಗಳು ಹೆಲ್ಲರ್‌ಗೆ ಸಿನಿಮಾದಂತೆ ಖುಷಿ ಕೊಟ್ಟಿದ್ದವು. ಅದು ತಪ್ಪಿದ್ದು 1944ರ ಆಗಸ್ಟ್‌ನಲ್ಲಿ, ಫ್ರಾನ್ಸಿನ ಅವಿನ್ಯೋ ಪಟ್ಟಣದ ಮೇಲೆ. ಬಾಂಬು ಬಿಟ್ಟು ತಿರುಗುವಾಗ ಸಹಪೈಲಟ್‌ಗೆ ಗಾಬರಿಯಾಯಿತು. ಅವನು ಕಂಟ್ರೋಲ್ ಕಸಿದುಕೊಂಡು ವಿಮಾನವನ್ನು ನೇರ ಕೆಳಗೆ ಇಳಿಸಿಬಿಟ್ಟ. ಹೆಲ್ಲರ್ ಮೇಲಕ್ಕೆ ಚಿಮ್ಮಿ ಗೂಡಿನ ಮಾಡಿಗೆ ಅಂಟಿಕೊಂಡರು. ಕಿವಿಯ ಫೋನಿನ ವೈರು ಕಿತ್ತುಹೋಗಿ ಯಾರ ದನಿಯೂ ಕೇಳದಾಯಿತು. ಸತ್ತೇ ಹೋದೆ ಎಂದುಕೊಂಡರು. ವೈರು ಮತ್ತೆ ಸಿಕ್ಕಿಸಿದಾಗ ಸಹಪೈಲಟ್ ಅಳುತ್ತ, ಬಾಂಬಾರ್ಡಿಯರ್ ಮಾತಾಡ್ತಿಲ್ಲ, ಯಾರಾದರೂ ಹೋಗಿ ನೋಡಿ ಎನ್ನುತ್ತಿದ್ದ. ನಾನೇ ಬಾಂಬಾರ್ಡಿಯರ್, ನನಗೇನೂ ಆಗಿಲ್ಲ ಎಂದರು ಹೆಲ್ಲರ್. ಹಾಗಾದರೆ ಗನ್ನರ್‌ನ ನೋಡು ಎಂದ ಅವನು. ಹಿಂದೆ ಹೋಗಿ ನೋಡಿದರೆ, ವಿಮಾನದ ಬಂದೂಕು ಹಾರಿಸುವ ಆ ಗನ್ನರ್ ತೊಡೆಗೆ ದೊಡ್ಡ ಗಾಯ. ಹೆಲ್ಲರ್ ಅದಕ್ಕೆ ಬ್ಯಾಂಡೇಜು ಕಟ್ಟಿದರು. ಆ ಗನ್ನರ್ ಬದುಕಿದ. ಆಮೇಲಿನ ಪ್ರತಿ ಹಾರಾಟವೂ ಹೆಲ್ಲರ್‌ಗೆ ಜೀವಭಯ. ಯುದ್ಧದಿಂದ ಊರಿಗೆ ಹಡಗಿನಲ್ಲಿ ಮರಳಿದ ಅವರು ಎಷ್ಟೋ ವರ್ಷ ವಿಮಾನ ಹತ್ತಲಿಲ್ಲ.

ಯುದ್ಧದ ನಂತರ ಸರ್ಕಾರದ ನೆರವಿನಿಂದ ಓದಿದರು. ನ್ಯೂಯಾರ್ಕ್ ವಿಶ್ವವಿದ್ಯಾಲಯ, ಕೊಲಂಬಿಯಾ, ಆಮೇಲೆ ಒಂದು ವರ್ಷ ಆಕ್ಸ್‌ಫರ್ಡ್. ಎರಡು ವರ್ಷ ಕಾಲೇಜಿನಲ್ಲಿ ಪಾಠ ಮಾಡಿದರು. ನಂತರ ಪತ್ರಿಕೆಗಳ ಜಾಹೀರಾತು ವಿಭಾಗ ಸೇರಿದರು. ಟೈಮ್, ಲುಕ್, ಮೆಕ್‌ಕಾಲ್ಸ್ ಹೀಗೆ ಒಂದರ ನಂತರ ಒಂದು. ಹಗಲು ಮಾರಾಟದ ಮಾತು ಬರೆಯುವುದು, ಸಂಜೆ ಮನೆಯಲ್ಲಿ ಕಾದಂಬರಿ ಬರೆಯುವುದು. 1953ರಲ್ಲಿ ಒಂದು ರಾತ್ರಿ ಹಾಸಿಗೆಯಲ್ಲಿ ಮಲಗಿದ್ದಾಗ ಮೊದಲ ಸಾಲು ಹೊಳೆಯಿತಂತೆ: ಅದು ಮೊದಲ ನೋಟದ ಪ್ರೇಮ, ಪಾದ್ರಿಯನ್ನು ಕಂಡ ಕೂಡಲೇ ಅವನಿಗೆ ಹುಚ್ಚು ಪ್ರೀತಿ ಬಂತು. ಅವನು ಯಾರು, ಪಾದ್ರಿ ಯಾರು, ಆಗ ಹೆಲ್ಲರ್‌ಗೇ ಗೊತ್ತಿರಲಿಲ್ಲ. ಪುಸ್ತಕ ಮುಗಿಯಲು ಸುಮಾರು ಎಂಟು ವರ್ಷ ಹಿಡಿಯಿತು. ಕಾರ್ಡುಗಳ ಮೇಲೆ ಟಿಪ್ಪಣಿ ಮಾಡಿದರು. ದೊಡ್ಡ ಹಾಳೆಯೊಂದರಲ್ಲಿ ಒಂದು ಕಡೆ ಪಾತ್ರಗಳು, ಇನ್ನೊಂದು ಕಡೆ ಘಟನೆಗಳ ಕಾಲ ಬರೆದು ಚೌಕಗಳನ್ನು ಹಾಕಿ, ಯಾರು ಯಾವಾಗ ಎಲ್ಲಿದ್ದರು ಎಂದು ಸಣ್ಣ ಅಕ್ಷರದಲ್ಲಿ ತುಂಬಿದರು. ಓದುವಾಗ ಅಸ್ತವ್ಯಸ್ತ ಅನ್ನಿಸುವ ಕಾದಂಬರಿಯ ಹಿಂದೆ ಇಷ್ಟು ಕಟ್ಟುನಿಟ್ಟಿನ ಲೆಕ್ಕವಿದೆ.

ಈಗ ಪುಸ್ತಕಕ್ಕೆ ಹೆಸರು ಕೊಟ್ಟ, ಕ್ಯಾಚ್-22 ಎಂಬ ಆ ಹೆಸರಾಂತ ನಿಯಮಕ್ಕೆ ಬರೋಣ. ಕಾದಂಬರಿಯ ಸೈನಿಕರು ಇರುವುದು ಇಟಲಿ ಹತ್ತಿರದ ಪಿಯಾನೋಸಾ ಎಂಬ ಪುಟ್ಟ ದ್ವೀಪದಲ್ಲಿ. ಇಷ್ಟು ಸಲ ಹಾರಿದರೆ ಮನೆಗೆ ಹೋಗಬಹುದು ಎಂದು ಒಂದು ಸಂಖ್ಯೆ ಇದೆ. ಯೊಸ್ಸಾರಿಯನ್ ಅದರ ಹತ್ತಿರ ಬಂದಾಗಲೆಲ್ಲ ಕರ್ನಲ್ ಕ್ಯಾತ್‌ಕಾರ್ಟ್ ಅದನ್ನು ಏರಿಸುತ್ತಾನೆ. ಅವನಿಗೆ ಜನರಲ್ ಆಗಬೇಕು, ಪತ್ರಿಕೆಯಲ್ಲಿ ಫೋಟೋ ಬರಬೇಕು. ಯೊಸ್ಸಾರಿಯನ್ ಡಾಕ್ಟರ ಹತ್ತಿರ ಹೋಗಿ, ನನಗೆ ಹುಚ್ಚು ಹಿಡಿದಿದೆ, ಕಳಿಸಬೇಡಿ ಎನ್ನುತ್ತಾನೆ.

ಡಾಕ್ಟರ್ ಡನೀಕಾ ಶಾಂತವಾಗಿ ವಿವರಿಸುತ್ತಾನೆ. ಹುಚ್ಚು ಹಿಡಿದವನನ್ನು ಹಾರಾಟಕ್ಕೆ ಕಳಿಸಬಾರದು, ನಿಜ. ಆದರೆ ಅವನೇ ಬಂದು ಕೇಳಬೇಕು. ಕೇಳಿದ ಅಂದರೆ ಅವನಿಗೆ ಜೀವದ ಭಯ ಇದೆ ಎಂದಾಯಿತು. ಜೀವಕ್ಕೆ ಹೆದರುವುದು ಬುದ್ಧಿ ನೆಟ್ಟಗಿರುವವನ ಲಕ್ಷಣ. ಬುದ್ಧಿ ನೆಟ್ಟಗಿದ್ದರೆ ಹಾರಲೇಬೇಕು. ಓರ್ ಎಂಬ ಗೆಳೆಯ ಎಷ್ಟು ಸಲ ವಿಮಾನ ಬಿದ್ದರೂ ನಗುನಗುತ್ತ ಮತ್ತೆ ಹತ್ತುತ್ತಾನೆ. ಅವನು ಹುಚ್ಚನೇ. ಅವನನ್ನು ಬಿಡಬಹುದು. ಆದರೆ ಅವನು ಕೇಳುವುದಿಲ್ಲವಲ್ಲ! ಕೇಳಿದರೆ ಹುಚ್ಚನಲ್ಲ.

ಇದರ ಬಿಗಿ ಎಲ್ಲಿದೆ ಎಂದರೆ, ಇದರಲ್ಲಿರುವ ಒಂದೊಂದು ಮಾತೂ ಬಿಡಿಬಿಡಿಯಾಗಿ ಸರಿ. ಹುಚ್ಚನನ್ನು ಕಳಿಸಬಾರದು ಎನ್ನುವುದು ಕರುಣೆ. ಅರ್ಜಿ ಬರದೆ ಆದೇಶ ಕೊಡಲಾಗದು ಎನ್ನುವುದು ಆಫೀಸಿನ ಶಿಸ್ತು. ಸಾವಿಗೆ ಹೆದರುವವನು ಹುಚ್ಚನಲ್ಲ ಎನ್ನುವುದು ಸಾಮಾನ್ಯ ಜ್ಞಾನ. ಮೂರನ್ನೂ ಸೇರಿಸಿದ ಕೂಡಲೇ ಯಾರೂ ಬಿಡಿಸಿಕೊಳ್ಳಲಾಗದ ಗಂಟು. ಎಲ್ಲೂ ಒಬ್ಬ ಕೆಟ್ಟ ಮನುಷ್ಯ ಬೇಕಾಗಿಲ್ಲ. ಡಾಕ್ಟರ್ ಸುಳ್ಳು ಹೇಳುತ್ತಿಲ್ಲ. ಯೊಸ್ಸಾರಿಯನ್ ಕೂಡ ಮೆಚ್ಚಿ ಸಿಳ್ಳೆ ಹಾಕುತ್ತಾನೆ, ಎಂಥ ನಿಯಮ ಅಂತ.

ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಆದರೆ ಪುಸ್ತಕದ ಕೊನೆಯ ಹೊತ್ತಿಗೆ ಈ ನಿಯಮ ಏನಾಗುತ್ತದೆ ಎನ್ನುವುದು ಇನ್ನೂ ಮುಖ್ಯ. ರೋಮ್‌ನ ಒಂದು ಮನೆಯಿಂದ ಹುಡುಗಿಯರನ್ನೆಲ್ಲ ಮಿಲಿಟರಿ ಪೊಲೀಸರು ಬೀದಿಗೆ ಅಟ್ಟಿರುತ್ತಾರೆ. ಉಳಿದಿರುವುದು ಒಬ್ಬ ಮುದುಕಿ. ಯಾವ ಹಕ್ಕಿನಿಂದ ಅಟ್ಟಿದರು ಎಂದು ಯೊಸ್ಸಾರಿಯನ್ ಕೇಳುತ್ತಾನೆ. ಕ್ಯಾಚ್-22 ಎನ್ನುತ್ತಾಳೆ ಅವಳು. ನಾವು ತಡೆಯಲಾಗದ್ದನ್ನೆಲ್ಲ ಮಾಡುವ ಹಕ್ಕು ಅವರಿಗೆ ಇದೆಯಂತೆ. ಆ ನಿಯಮವನ್ನು ನಿಮಗೆ ತೋರಿಸಿದರಾ, ಓದಿ ಹೇಳಿದರಾ? ತೋರಿಸಬೇಕಾಗಿಲ್ಲ ಅಂತ ಕಾನೂನೇ ಹೇಳುತ್ತದಂತೆ. ಯಾವ ಕಾನೂನು? ಕ್ಯಾಚ್-22. ಆಗ ಯೊಸ್ಸಾರಿಯನ್‌ಗೆ ಅರ್ಥವಾಗುತ್ತದೆ: ಅಂಥ ನಿಯಮ ಎಲ್ಲೂ ಬರೆದಿಲ್ಲ. ಬರೆದಿದ್ದರೆ ಹರಿದು ಹಾಕಬಹುದಿತ್ತು, ಸುಡಬಹುದಿತ್ತು. ಇಲ್ಲದ ಕಾಗದವನ್ನು ಹರಿಯುವುದು ಹೇಗೆ? ಮೊದಲ ದೃಶ್ಯದಲ್ಲಿ ಅದು ಚೂಪು ಬುದ್ಧಿಯ ತಮಾಷೆ. ಇಲ್ಲಿ ಅದು ಬರೀ ಲಾಠಿ.

ಕಾಗದದ ವಿಷಯ ಬಂತಲ್ಲ, ಈ ಪುಸ್ತಕದಲ್ಲಿ ಕಾಗದ ಹೇಳಿದ್ದೇ ನಿಜ. ಹಾರಲು ಹೆದರುವ ಡಾಕ್ಟರ್ ಡನೀಕಾ ಹಾರಾಟದ ಭತ್ಯೆಗಾಗಿ ತನ್ನ ಹೆಸರನ್ನು ಸುಮ್ನೆ ಒಂದು ವಿಮಾನದ ಪಟ್ಟಿಗೆ ಸೇರಿಸಿರುತ್ತಾನೆ. ಆ ವಿಮಾನ ಬೆಟ್ಟಕ್ಕೆ ಬಡಿಯುತ್ತದೆ. ಡಾಕ್ಟರ್ ನೆಲದ ಮೇಲೆ ನಿಂತು ಅದನ್ನು ನೋಡುತ್ತಿರುತ್ತಾನೆ. ಪಟ್ಟಿಯಲ್ಲಿ ಹೆಸರಿದೆ, ಆದ್ದರಿಂದ ಅವನು ಸತ್ತ. ಅವನಿಗೆ ಸಂಬಳವಿಲ್ಲ, ರೇಷನ್ ಇಲ್ಲ. ಸತ್ತವನ ಜೊತೆ ಯಾರೂ ಮಾತಾಡುವುದಿಲ್ಲ. ಹೆಂಡತಿಗೆ ವಿಮೆಯ ಹಣ ಬರತೊಡಗುತ್ತದೆ. ಕರ್ನಲ್‌ನಿಂದ ಅಚ್ಚು ಹಾಕಿದ ಸಂತಾಪ ಪತ್ರವೂ ಬರುತ್ತದೆ. ನಿಮ್ಮ ಗಂಡ, ಮಗ, ತಂದೆ ಅಥವಾ ಸಹೋದರ ಸತ್ತಿದ್ದಕ್ಕೆ, ಗಾಯಗೊಂಡಿದ್ದಕ್ಕೆ ಅಥವಾ ಕಾಣೆಯಾಗಿದ್ದಕ್ಕೆ ನನಗೆ ವೈಯಕ್ತಿಕವಾಗಿ ಆದ ದುಃಖ ಹೇಳತೀರದು, ಎಂಬ ಧಾಟಿ. ಬೇಡದ್ದನ್ನು ಹೊಡೆದು ಹಾಕುವ ಕಷ್ಟವನ್ನೂ ಯಾರೂ ತೆಗೆದುಕೊಂಡಿಲ್ಲ. ಆಕೆ ಮಕ್ಕಳನ್ನು ಕರೆದುಕೊಂಡು ಬೇರೆ ಊರಿಗೆ ಹೋಗುತ್ತಾಳೆ, ಹೊಸ ವಿಳಾಸ ಕೊಡದೆ. ನಮ್ಮ ಪಿಂಚಣಿದಾರರು ಪ್ರತಿ ನವೆಂಬರ್‌ನಲ್ಲಿ ಬದುಕಿದ್ದೇವೆ ಎಂದು ಪ್ರಮಾಣಪತ್ರ ಕೊಡಬೇಕು, ಅಲ್ವಾ? ಡನೀಕಾಗೆ ಆ ಅವಕಾಶವೂ ಇಲ್ಲ.

ಇದಕ್ಕೆ ಸರಿಯಾಗಿ ಉಲ್ಟಾ ಮಡ್ ಎಂಬ ಹುಡುಗನ ಕತೆ. ಶಿಬಿರಕ್ಕೆ ಬಂದವನು ಹೆಸರು ಬರೆಸುವ ಮೊದಲೇ ಹಾರಾಟಕ್ಕೆ ಹೋಗಿ ಸತ್ತಿದ್ದಾನೆ. ದಾಖಲೆ ಪ್ರಕಾರ ಅವನು ಬಂದೇ ಇಲ್ಲ. ಬಾರದವನು ಸಾಯುವುದು ಹೇಗೆ? ಹಾಗಾಗಿ ಯೊಸ್ಸಾರಿಯನ್‌ನ ಟೆಂಟ್‌ನಲ್ಲಿ ಬಿದ್ದಿರುವ ಅವನ ಸಾಮಾನನ್ನು ಯಾರೂ ಮುಟ್ಟುವಂತಿಲ್ಲ.

ಓದುಗರು ತಡವರಿಸುವುದು ಕಾಲದ ವಿಷಯದಲ್ಲಿ. 42 ಅಧ್ಯಾಯಗಳಿವೆ, ಹೆಚ್ಚಿನವಕ್ಕೆ ಒಂದೊಂದು ಪಾತ್ರದ ಹೆಸರು. ಕತೆ ಹಿಂದೆ ಮುಂದೆ ಜಿಗಿಯುತ್ತಲೇ ಇರುತ್ತದೆ. ಆಗಲೇ ಸತ್ತವನು ಮುಂದಿನ ಅಧ್ಯಾಯದಲ್ಲಿ ಊಟ ಮಾಡುತ್ತಿರುತ್ತಾನೆ. ಇದಕ್ಕೊಂದು ಸುಲಭ ದಾರಿ ಇದೆ. ತಿಂಗಳು ತಾರೀಖು ಹುಡುಕಬೇಡಿ, ಕರ್ನಲ್ ಕೇಳುವ ಹಾರಾಟಗಳ ಸಂಖ್ಯೆ ನೋಡಿ. ಶುರುವಿನಲ್ಲಿ ಯೊಸ್ಸಾರಿಯನ್ 44 ಮುಗಿಸಿರುತ್ತಾನೆ, ಸಂಖ್ಯೆ 50 ಆಗುತ್ತದೆ. ಕೊನೆಗೆ 80. 50ಕ್ಕಿಂತ ಕಡಿಮೆ ಸಂಖ್ಯೆ ಬಂದರೆ ಹಳೆಯ ಕತೆ, ಜಾಸ್ತಿ ಬಂದರೆ ಮುಂದಿನದು. ಪುಸ್ತಕದ ಕ್ಯಾಲೆಂಡರ್ ಅದೇ.

ಈ ಜಿಗಿತ ಬರೀ ಆಟವಲ್ಲ. ಮೊದಲಿಂದಲೂ ಸ್ನೋಡನ್ ಎಂಬ ಗನ್ನರ್ ಹೆಸರು ಅಲ್ಲೊಮ್ಮೆ ಇಲ್ಲೊಮ್ಮೆ ಬರುತ್ತದೆ. ಅವಿನ್ಯೋ ಮೇಲೆ ಸತ್ತ ಎಂದಷ್ಟೇ ಗೊತ್ತಾಗುತ್ತದೆ. ಯೊಸ್ಸಾರಿಯನ್ ಬತ್ತಲೆಯಾಗಿ ಸಾಲಿನಲ್ಲಿ ನಿಂತು ಜನರಲ್ ಕೈಯಿಂದ ಪದಕ ಪಡೆಯುತ್ತಾನೆ. ಬತ್ತಲೆಯಾಗಿಯೇ ಮರದ ಮೇಲೆ ಕೂತು ಸ್ನೋಡನ್‌ನ ಶವಸಂಸ್ಕಾರ ನೋಡುತ್ತಾನೆ. ಮೈಲೊ ಅದೇ ಮರ ಹತ್ತಿ ಬಂದು ಚಾಕೊಲೇಟ್ ಸವರಿದ ಹತ್ತಿ ತಿನ್ನಲು ಕೊಡುತ್ತಾನೆ. ಈಜಿಪ್ಟಿನ ಹತ್ತಿಯನ್ನೆಲ್ಲ ಕೊಂಡು ಮಾರಲಾಗದೆ ಒದ್ದಾಡುತ್ತಿದ್ದಾನೆ, ತಿನ್ನುವುದಾದರೆ ತಿನ್ನಲಿ ಎಂದು. ನಗು ತಡೆಯುವುದಿಲ್ಲ.

41ನೇ ಅಧ್ಯಾಯದಲ್ಲಿ ಆ ವಿಮಾನದ ಒಳಗೆ ಏನಾಯಿತೆಂದು ಪೂರ್ತಿ ತಿಳಿಯುತ್ತದೆ. ಸ್ನೋಡನ್ ಚಳಿ ಚಳಿ ಎನ್ನುತ್ತಿದ್ದಾನೆ. ತೊಡೆಯಲ್ಲಿ ದೊಡ್ಡ ಗಾಯ. ಯೊಸ್ಸಾರಿಯನ್ ಔಷಧದ ಪೆಟ್ಟಿಗೆ ತೆರೆಯುತ್ತಾನೆ, ನೋವು ಕಳೆಯುವ ಮಾರ್ಫಿನ್ ಇಲ್ಲ. ಅದರ ಜಾಗದಲ್ಲಿ ಒಂದು ಚೀಟಿ: ಮೈಲೊನ ಕಂಪನಿಗೆ ಒಳ್ಳೆಯದಾದದ್ದು ದೇಶಕ್ಕೂ ಒಳ್ಳೆಯದು. ಮಾರ್ಫಿನ್ ಮಾರಾಟವಾಗಿದೆ. ಯೊಸ್ಸಾರಿಯನ್ ತೊಡೆಗೆ ಚೆನ್ನಾಗಿ ಬ್ಯಾಂಡೇಜು ಕಟ್ಟುತ್ತಾನೆ, ಹೆದರಬೇಡ ಎಂದು ಸಮಾಧಾನ ಮಾಡುತ್ತಾನೆ. ಆಮೇಲೆ ಕವಚದ ಕೆಳಗಿನ ಇನ್ನೊಂದು ಗಾಯ ಕಾಣುತ್ತದೆ. ಕವಚ ಬಿಚ್ಚಿದರೆ ಒಳಗಿನದ್ದೆಲ್ಲ ಹೊರಗೆ ಬೀಳುತ್ತದೆ. ಬಟ್ಟೆಯ ತುಂಬ ಆ ಹುಡುಗನ ರಕ್ತ. ಅದಕ್ಕೇ ಯೊಸ್ಸಾರಿಯನ್ ಆಮೇಲೆ ಸಮವಸ್ತ್ರ ತೊಡಲಿಲ್ಲ.

ನಿಜದಲ್ಲಿ ಗಾಯ ಒಂದೇ ಇತ್ತು, ತೊಡೆಯದ್ದು. ಗನ್ನರ್ ಬದುಕಿದ. ಎರಡನೇ ಗಾಯ ಹೆಲ್ಲರ್ ಸೇರಿಸಿದ್ದು. ಕಣ್ಣಿಗೆ ಕಾಣುವ ಗಾಯಕ್ಕೆ ಶ್ರದ್ಧೆಯಿಂದ ಪಟ್ಟಿ ಕಟ್ಟುವುದು, ಕೊಲ್ಲುವ ಗಾಯ ಬೇರೆಲ್ಲೋ ಇರುವುದು, ಇದು ಆ ಒಬ್ಬ ಹುಡುಗನ ಕತೆ ಮಾತ್ರವಲ್ಲ. ಇಡೀ ಕಾದಂಬರಿ ಓದುಗನಿಗೂ ಹೀಗೇ ಮಾಡಿರುತ್ತದೆ. ಇದನ್ನು ನೇರ ಕಾಲಕ್ರಮದಲ್ಲಿ ಹೇಳಿದ್ದರೆ ಬತ್ತಲೆ ಪದಕದ ದೃಶ್ಯಕ್ಕೆ ಯಾರೂ ನಗುತ್ತಿರಲಿಲ್ಲ. ನಕ್ಕಿದ್ದಕ್ಕೆ ಆಮೇಲೆ ಕಸಿವಿಸಿಯೂ ಆಗುತ್ತಿರಲಿಲ್ಲ.

ಇಷ್ಟೆಲ್ಲ ಓದಿದವರು ಹೆಲ್ಲರ್‌ಗೆ ಕೆಟ್ಟ ಅಧಿಕಾರಿಗಳು ಸಿಕ್ಕಿದ್ದರು ಎಂದುಕೊಳ್ಳುತ್ತಾರೆ. ಇಲ್ಲವಂತೆ. ತನ್ನ ಮೇಲಧಿಕಾರಿಗಳು ಒಳ್ಳೆಯವರೇ ಆಗಿದ್ದರು ಎಂದು ಅವರೇ ಹೇಳಿದ್ದಾರೆ. ಕಾದಂಬರಿಯ ಸಿಟ್ಟು ಇರುವುದು 1944ರ ಮೇಲಲ್ಲ, ಅದನ್ನು ಬರೆದ 1950ರ ದಶಕದ ಅಮೆರಿಕದ ಮೇಲೆ. ಆಗ ಕಮ್ಯುನಿಸ್ಟರ ಭಯ. 1947ರಲ್ಲಿ ಟ್ರೂಮನ್ ಸರ್ಕಾರ ನೌಕರರ ದೇಶನಿಷ್ಠೆ ತಪಾಸಣೆ ಶುರು ಮಾಡಿತ್ತು. ಸೆನೆಟರ್ ಮೆಕಾರ್ತಿ ಸಿಕ್ಕಸಿಕ್ಕವರ ಮೇಲೆ ಆರೋಪ ಹೊರಿಸುತ್ತಿದ್ದರು. 1953ರಲ್ಲಿ ಜನರಲ್ ಮೋಟಾರ್ಸ್ ಮುಖ್ಯಸ್ಥ ಚಾರ್ಲ್ಸ್ ವಿಲ್ಸನ್ ರಕ್ಷಣಾ ಮಂತ್ರಿಯಾಗುವಾಗ, ದೇಶಕ್ಕೆ ಒಳ್ಳೆಯದಾದದ್ದು ಕಂಪನಿಗೂ ಒಳ್ಳೆಯದು, ಕಂಪನಿಗಾದದ್ದು ದೇಶಕ್ಕೂ ಎಂಬರ್ಥದ ಮಾತು ಹೇಳಿದರು. ಮೈಲೊನ ಚೀಟಿ ಎಲ್ಲಿಂದ ಬಂತು ಎಂದು ಈಗ ಗೊತ್ತಾಯಿತಲ್ಲ. ಹೆಲ್ಲರ್ 1944ರ ಕತೆಯೊಳಗೆ ಬೇಕೆಂದೇ ಆಮೇಲಿನ ಕಾಲದ ಸಂಗತಿಗಳನ್ನು ತುರುಕಿದ್ದಾರೆ. ಹೆಸರಲ್ಲೇ ಮೇಜರ್ ಇದೆ ಎಂದು ಒಬ್ಬನಿಗೆ ಮೇಜರ್ ಪದವಿ ಕೊಟ್ಟುಬಿಡುವ ಐಬಿಎಂ ಯಂತ್ರ ಅದರಲ್ಲೊಂದು.

ಆ ಮೇಜರ್ ಮೇಲಿನ ಹೊಟ್ಟೆಕಿಚ್ಚಿನಿಂದಲೇ ಕ್ಯಾಪ್ಟನ್ ಬ್ಲ್ಯಾಕ್ ನಿಷ್ಠೆಯ ಪ್ರತಿಜ್ಞೆಯ ಅಭಿಯಾನ ಹೂಡುತ್ತಾನೆ. ನಕ್ಷೆ ಬೇಕಾ? ಪ್ರತಿಜ್ಞೆಗೆ ಸಹಿ ಹಾಕು. ಪ್ಯಾರಾಚೂಟ್ ಬೇಕಾ? ಇನ್ನೊಂದು ಸಹಿ. ಕ್ಷೌರಕ್ಕೂ ಸಹಿ, ಊಟಕ್ಕೂ ಸಹಿ. ಬಲವಂತವೇನೂ ಇಲ್ಲ, ಸ್ವಂತ ಇಷ್ಟ, ಸಹಿ ಹಾಕದವರಿಗೆ ಊಟ ಹಾಕಬಾರದು ಅಷ್ಟೆ. ಮೇಜರ್‌ಗೆ ಮಾತ್ರ ಸಹಿ ಹಾಕಲು ಬಿಡುವುದಿಲ್ಲ, ಯಾಕೆಂದರೆ ಅವನು ನಿಷ್ಠನಲ್ಲ ಎಂದು ತೋರಿಸುವುದೇ ಉದ್ದೇಶ. ಒಂದು ದಿನ ಎಲ್ಲರೂ ಹೆದರುವ ಹಿರಿಯ ಅಧಿಕಾರಿಯೊಬ್ಬ ಪ್ರವಾಸ ಮುಗಿಸಿ ಮೆಸ್‌ಗೆ ಬರುತ್ತಾನೆ. ಅವನ ಮುಂದೆ ಪ್ರತಿಜ್ಞೆಯ ಕಾಗದ ಚಾಚುತ್ತಾರೆ. ಅವನು ಅದನ್ನು ಪಕ್ಕಕ್ಕೆ ತಳ್ಳಿ, ನನಗೆ ಊಟ ಹಾಕು ಎನ್ನುತ್ತಾನೆ. ತಿರುಗಿ ನೋಡಿ, ಎಲ್ಲರಿಗೂ ಊಟ ಹಾಕು ಎನ್ನುತ್ತಾನೆ. ಅಭಿಯಾನ ಅಲ್ಲಿಗೆ ಮುಗಿಯಿತು. ನನಗೆ ಇಡೀ ಪುಸ್ತಕದಲ್ಲಿ ಜಾಸ್ತಿ ಇಷ್ಟವಾದ ಎರಡು ಪುಟ ಇವು.

ಎಲ್ಲವೂ ಮೆಚ್ಚುವಂಥದ್ದೇ ಅಲ್ಲ. ಹೆಲ್ಲರ್ ಬರೆದ ಹೆಂಗಸರಿಗೆ ಜೀವ ಕಡಿಮೆ. ಹೆಚ್ಚಿನವರು ನರ್ಸು ಇಲ್ಲವೇ ವೇಶ್ಯೆ. ಕತೆಯನ್ನೇ ತಿರುಗಿಸುವ ಒಬ್ಬ ಹುಡುಗಿಗೆ ಹೆಸರು ಕೂಡ ಇಲ್ಲ, ಪ್ರಿಯಕರನ ಹೆಸರಿನಿಂದಲೇ ಗುರುತು. ಒಂದೇ ಬಗೆಯ ತಿರುಗುಮಾತಿನ ಸಂಭಾಷಣೆ ಕೆಲವೆಡೆ ಸಾಕು ಸಾಕು ಅನ್ನಿಸುತ್ತದೆ.

ಮೊದಲ ಅಧ್ಯಾಯ 1955ರಲ್ಲಿ ಪತ್ರಿಕೆಯೊಂದರಲ್ಲಿ ಬಂದಾಗ ಅದರ ಹೆಸರು ‘ಕ್ಯಾಚ್-18’. ಪುಸ್ತಕ ಅಚ್ಚಾಗುವ ಹೊತ್ತಿಗೆ ಲಿಯಾನ್ ಯೂರಿಸ್ ಅವರ ‘ಮಿಲಾ 18’ ಬರುತ್ತಿದೆ ಎಂದು ತಿಳಿಯಿತು. ಬೇರೆ ಬೇರೆ ಸಂಖ್ಯೆ ನೋಡಿದರು. ಸಂಪಾದಕ ರಾಬರ್ಟ್ ಗಾಟ್ಲೀಬ್ ಒಂದು ದಿನ ಫೋನ್ ಮಾಡಿ, 22 ಇರಲಿ, 18ಕ್ಕಿಂತ ತಮಾಷೆಯಾಗಿದೆ ಎಂದರು. 1961ರ ಕೊನೆಗೆ ಪುಸ್ತಕ ಬಂತು. ಮುಂಗಡ 1,500 ಡಾಲರ್. ವಿಮರ್ಶೆಗಳು ಎರಡು ತುದಿಗೆ. ಅದ್ಭುತ ಎಂದವರಿದ್ದರು. ಇದು ಬರೆದಂತಿಲ್ಲ, ಕಾಗದದ ಮೇಲೆ ಕಿರುಚಿದಂತಿದೆ ಎಂದು ನ್ಯೂಯಾರ್ಕರ್ ಪತ್ರಿಕೆ ಬರೆಯಿತು. ಅಮೆರಿಕದಲ್ಲಿ ಮಾರಾಟ ಮೆಲ್ಲಗೆ ಸಾಗಿತು, ಇಂಗ್ಲೆಂಡಿನಲ್ಲಿ ಕೂಡಲೇ ಮೊದಲ ಸ್ಥಾನಕ್ಕೆ ಹೋಯಿತು. 1962ರಲ್ಲಿ ಅಗ್ಗದ ಪೇಪರ್‌ಬ್ಯಾಕ್ ಬಂದಾಗ ಅಮೆರಿಕದಲ್ಲೂ ಲಕ್ಷಗಟ್ಟಲೆ ಪ್ರತಿ ಹೋದವು. ಆಮೇಲೆ ವಿಯೆಟ್ನಾಂ ಯುದ್ಧ ಬಂತು. ಸೇನೆಗೆ ಕರೆ ಬಂದ ಹುಡುಗರಿಗೆ ಇದು ತಮ್ಮದೇ ಕತೆ ಅನ್ನಿಸಿತು. ಯೊಸ್ಸಾರಿಯನ್ ಬದುಕಿದ್ದಾನೆ ಎಂಬ ಸ್ಟಿಕರ್‌ಗಳು ಓಡಾಡಿದವು. 1970ರಲ್ಲಿ ಮೈಕ್ ನಿಕೋಲ್ಸ್ ಸಿನಿಮಾ ಮಾಡಿದರು. ಒಹಾಯೋದ ಸ್ಟ್ರಾಂಗ್ಸ್‌ವಿಲ್ ಎಂಬ ಊರಿನ ಶಾಲಾ ಮಂಡಳಿ ಇದನ್ನು ಲೈಬ್ರರಿಯಿಂದ ತೆಗೆಸಿತ್ತು. ಹಾಗೆ ತೆಗೆಯುವುದು ಸರಿಯಲ್ಲ ಎಂದು 1976ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು.

ಎರಡನೇ ಕಾದಂಬರಿ ‘ಸಮ್‌ಥಿಂಗ್ ಹ್ಯಾಪನ್ಡ್’ ಬಂದದ್ದು 13 ವರ್ಷ ಬಿಟ್ಟು, 1974ರಲ್ಲಿ. ನನ್ನ ಮಟ್ಟಿಗೆ ಇದು ಮೊದಲನೆಯದಕ್ಕಿಂತ ಧೈರ್ಯದ ಪುಸ್ತಕ. ಬಾಂಬು ಇಲ್ಲ, ವಿಮಾನ ಇಲ್ಲ. ಬಾಬ್ ಸ್ಲೋಕಮ್ ಎಂಬ ಒಳ್ಳೆ ಸಂಬಳದ ನೌಕರ, ಅವನ ಆಫೀಸು, ಅವನ ಮನೆ. ಆಫೀಸಿನಲ್ಲಿ ಯಾರಿಗೆ ಯಾರ ಭಯ ಎಂದು ಅವನು ಲೆಕ್ಕ ಹಾಕುತ್ತಾನೆ. ನನಗೆ ಐದು ಜನರ ಭಯ. ಆ ಐವರಲ್ಲಿ ಒಬ್ಬೊಬ್ಬರಿಗೂ ನಾಲ್ಕು ಜನರ ಭಯ, ಒಟ್ಟು 20. ಆ 20 ಜನರಲ್ಲಿ ಒಬ್ಬೊಬ್ಬರಿಗೂ ಆರು ಜನರ ಭಯ, ಒಟ್ಟು 120. ಆ 120 ಜನಕ್ಕೆ ಒಬ್ಬರಿಗೊಬ್ಬರ ಭಯ. ಈ 145 ಜನಕ್ಕೂ ಕಂಪನಿ ಕಟ್ಟಿದ 12 ಮಂದಿಯ ಭಯ. ಮತ್ತೆ ಅದೇ ಕೂಡಿ ಕಳೆಯುವ ತಮಾಷೆ, ಮೊಟ್ಟೆಯ ಜಾಗದಲ್ಲಿ ಮನುಷ್ಯರು. ಹೆಸರೇ ಹೇಳುವಂತೆ ಏನೋ ಆಗಿದೆ ಎಂದು ಸ್ಲೋಕಮ್ ಪುಸ್ತಕ ಪೂರ್ತಿ ಗುನುಗುತ್ತಾನೆ, ಏನೂ ಆಗುವುದಿಲ್ಲ. ಆಗುವುದು ಕಡೆಯ ಕೆಲವು ಪುಟಗಳಲ್ಲಿ, ಅವನದೇ ಕೈಯಲ್ಲಿ. ಅದನ್ನು ಇಲ್ಲಿ ಹೇಳಿದರೆ ಓದುವವರಿಗೆ ಅನ್ಯಾಯ.

1979ರ ‘ಗುಡ್ ಆ್ಯಸ್ ಗೋಲ್ಡ್’ ವಾಷಿಂಗ್ಟನ್ ರಾಜಕೀಯದ ಮೇಲಿನದ್ದು. ಪ್ರೊಫೆಸರ್ ಗೋಲ್ಡ್‌ಗೆ ಶ್ವೇತಭವನದಲ್ಲಿ ಕೆಲಸ ಕೊಡಿಸುತ್ತೇನೆ ಎನ್ನುವ ಗೆಳೆಯನ ಮಾತು ಕೇಳಬೇಕು. ಎಲ್ಲಕ್ಕೂ ಹೌದು ಎನ್ನುವವರು ನಮಗೆ ಬೇಡ, ನಾವು ತೀರ್ಮಾನ ಮಾಡಿದ ಮೇಲೆ ಒಪ್ಪಿಕೊಳ್ಳುವ ಸ್ವತಂತ್ರ ಮನಸ್ಸಿನವರು ಬೇಕು ಎನ್ನುತ್ತಾನೆ ಅವನು! 1984ರ ‘ಗಾಡ್ ನೋಸ್’ನಲ್ಲಿ ಬೈಬಲ್ಲಿನ ದಾವೀದ ರಾಜ ಸಾವಿನ ಹಾಸಿಗೆಯಲ್ಲಿ ಮಲಗಿ ಗೊಣಗುತ್ತಾನೆ. ಬೈಬಲ್ಲಿನಲ್ಲಿ ಎಲ್ಲಕ್ಕಿಂತ ಒಳ್ಳೆ ಕತೆ ತನ್ನದೇ ಎಂದು ಅವನ ವಾದ. ಮಗ ಸೊಲೊಮೋನ ದಡ್ಡ, ಅಪ್ಪ ಹೇಳಿದ್ದನ್ನೆಲ್ಲ ಬರೆದುಕೊಂಡು ಜಾಣ ಎನ್ನಿಸಿಕೊಂಡನಂತೆ.

ಆ ಪುಸ್ತಕ ಬರೆಯುವ ನಡುವೆ, 1981ರ ಡಿಸೆಂಬರ್‌ನಲ್ಲಿ, ಹೆಲ್ಲರ್‌ಗೆ ಗಿಲಿಯನ್ ಬ್ಯಾರೆ ಎಂಬ ನರರೋಗ ಬಂತು. ಕೈಕಾಲು ಆಡದೆ ಮಲಗಿಬಿಟ್ಟರು, ನುಂಗುವುದೂ ಕಷ್ಟವಾಯಿತು. ತಿಂಗಳುಗಟ್ಟಲೆ ಆಸ್ಪತ್ರೆ. ಗೆಳೆಯ ಸ್ಪೀಡ್ ವೋಗೆಲ್ ಅವರ ಮನೆ ನೋಡಿಕೊಂಡ, ಚೆಕ್ಕಿಗೆ ಸಹಿ ಹಾಕಿದ, ಅವರ ಬಟ್ಟೆ ತೊಟ್ಟು ಪಾರ್ಟಿಗಳಿಗೂ ಹೋಗಿ ಬಂದ. ಇಬ್ಬರೂ ಸೇರಿ, ಒಂದು ಅಧ್ಯಾಯ ಇವರದು ಒಂದು ಅವರದು ಎಂಬಂತೆ, 1986ರಲ್ಲಿ ‘ನೋ ಲಾಫಿಂಗ್ ಮ್ಯಾಟರ್’ ಬರೆದರು. ಆರೈಕೆ ಮಾಡಿದ ನರ್ಸ್ ವ್ಯಾಲೆರಿ ಅವರನ್ನೇ ಹೆಲ್ಲರ್ ಆಮೇಲೆ ಮದುವೆಯಾದರು.

1988ರ ‘ಪಿಕ್ಚರ್ ದಿಸ್’ ಸಪ್ಪೆ. 1994ರ ‘ಕ್ಲೋಸಿಂಗ್ ಟೈಮ್’ನಲ್ಲಿ ಮುದುಕನಾದ ಯೊಸ್ಸಾರಿಯನ್ ಮತ್ತೆ ಬರುತ್ತಾನೆ. ಮೈಲೊ ಈಗ ಸರ್ಕಾರಕ್ಕೆ ಯುದ್ಧವಿಮಾನ ಮಾರುತ್ತಿದ್ದಾನೆ. ಮೊದಲಿನ ಚುರುಕಿಲ್ಲ. 1999ರ ಡಿಸೆಂಬರ್ 12ರಂದು ಹೆಲ್ಲರ್ ತೀರಿಕೊಂಡರು. ಮರುವರ್ಷ ಬಂದ ಕೊನೆಯ ಕಾದಂಬರಿಯಲ್ಲಿ ಮೊದಲ ಪುಸ್ತಕದಷ್ಟು ಒಳ್ಳೆಯದನ್ನು ಇನ್ನೊಂದು ಬರೆಯಲು ಹೆಣಗುವ ಮುದಿ ಲೇಖಕನೊಬ್ಬನಿದ್ದಾನೆ. ಬದುಕಿದ್ದಾಗ ಈ ಪ್ರಶ್ನೆಯನ್ನು ಹೆಲ್ಲರ್ ಹೊಡೆದು ಹಾಕುತ್ತಿದ್ದರು. ‘ಕ್ಯಾಚ್-22’ರಷ್ಟು ಒಳ್ಳೆಯದನ್ನು ಆಮೇಲೆ ಬರೆಯಲಿಲ್ಲವಲ್ಲ ಎಂದರೆ, ಯಾರು ಬರೆದಿದ್ದಾರೆ ಎಂದು ಕೇಳುತ್ತಿದ್ದರು.

ಓದುವುದಾದರೆ ‘ಕ್ಯಾಚ್-22’ರಿಂದಲೇ ಶುರು ಮಾಡಿ. ಮೊದಲ ನೂರು ಪುಟ ಯಾರು ಯಾರೆಂದು ತಿಳಿಯದಿದ್ದರೂ ಹಿಂದಕ್ಕೆ ತಿರುಗಿಸಬೇಡಿ, ಎಲ್ಲರೂ ಮತ್ತೆ ಮತ್ತೆ ಬರುತ್ತಾರೆ. ಅದು ಮುಗಿದ ಮೇಲೆ ‘ಸಮ್‌ಥಿಂಗ್ ಹ್ಯಾಪನ್ಡ್’, ಆದರೆ ನಡುವೆ ಸ್ವಲ್ಪ ದಿನ ಬಿಟ್ಟು. ಆಫೀಸಿನಲ್ಲಿ ಕೆಲಸ ಮಾಡುವವರು ಅದನ್ನು ಭಾನುವಾರ ರಾತ್ರಿ ಓದದಿರುವುದು ಒಳ್ಳೆಯದು.